ಬೆಚ್ಚಿದ್ದು ಮೈಯೋ, ಮನಸ್ಸೋ?



ಬುಕ್ಕರಾಯನ 1368ರ ಶಾಸನ ಶ್ರವಣಬೆಳಗೊಳದಲ್ಲಿರುವಂತೆ ಮಾಗಡಿ ಸೀಮೆಯ ನಿಮ್ಮ ಕಲ್ಯದಲ್ಲೂ ಸಿಕ್ಕಿದೆ. ಜಗಳವಾಡಿದ್ದ ಜೈನರ ಕೈಯನ್ನು ಅರಸ ವೈಷ್ಣವರ ಕೈಗೆ ಹಿಡಿಸಿದನಂತೆ. ಅಲ್ಲಿ ಕೈ ಆಡಿದ್ದು ಮನಸ್ಸು ಹೇಳಿದಂತೆ. ಇವತ್ತಿನ ಮಾತು, ಮನಸ್ಸನ್ನು ಕೇಳದೆ ಮೈ ತಾನೇ ಆಡಿಬಿಡುವುದರ ಬಗ್ಗೆ. ಇಂಗ್ಲಿಷಿನಲ್ಲಿ ಅದನ್ನು ಬರೆಯುವುದರ ಬಗ್ಗೆ.

‘ಸ್ಟಾರ್ಟ್’ ಅಂದರೆ ನಮಗೆ ಪಂಪ್‌ಸೆಟ್ ಶುರುವಾಗುವುದು. ಹಳೆಯ ಇಂಗ್ಲಿಷಿನಲ್ಲಿ ಅದು ನೆಗೆಯುವುದು, ಬೆಚ್ಚಿಬೀಳುವುದು. ಶುರು ಎಂಬ ಅರ್ಥ ಅಂಟಿಕೊಂಡದ್ದು ಬಹಳ ಆಮೇಲೆ. ಹಳೆಯ ಕಾದಂಬರಿಯಲ್ಲಿ ನಾಯಕ ‘ಸ್ಟಾರ್ಟೆಡ್’ ಅಂತ ಓದಿದ ಕಾಲೇಜು ಹುಡುಗ, ಏನು ಶುರುಮಾಡಿದ ಅಂತ ಮುಂದಿನ ಸಾಲು ಹುಡುಕುತ್ತಾನೆ.

ಷೇಕ್ಸ್‌ಪಿಯರ್ ಈ ಪದವನ್ನು ಬಳಸಿದ ರೀತಿ ನೋಡಿ. ನೀನು ರಾಜನಾಗುವೆ ಎಂದು ಮಾಟಗಾತಿಯರು ಹೇಳುತ್ತಲೂ ಮ್ಯಾಕ್‌ಬೆತ್ ಬೆಚ್ಚುತ್ತಾನೆ. ಒಳ್ಳೆಯ ಸುದ್ದಿಗೆ ಯಾಕಯ್ಯ ಬೆಚ್ಚಿದೆ ಅಂತ ಪಕ್ಕದಲ್ಲಿದ್ದ ಬ್ಯಾಂಕೊ ಕೇಳುತ್ತಾನೆ. ಪದ ಗೆಳೆಯನ ಬಾಯಿಂದ ಬಂತು. ನಟನಿಗೆ ಅದೇ ಸೂಚನೆ, ನಮಗೆ ಅದೇ ಸುಳಿವು. ಆಸೆ ಆಗಲೇ ಒಳಗಿತ್ತು, ಮೈ ಚಾಡಿ ಹೇಳಿತು. ಇಡೀ ದೃಶ್ಯದಲ್ಲಿ ಒಂದೇ ಸಲ. ನಮ್ಮ ಪತ್ತೇದಾರಿ ಕಾದಂಬರಿಗಳಲ್ಲಿ ಪುಟಕ್ಕೊಬ್ಬರು ಬೆಚ್ಚಿಬೀಳುತ್ತಾರೆ, ಓದುಗ ಮಾತ್ರ ಅಲುಗುವುದಿಲ್ಲ.

ನಮ್ಮ ಕಡೆಯ ಲೆಕ್ಕವೇ ಬೇರೆ. ಶಾಕುಂತಲದಲ್ಲಿ ದುಷ್ಯಂತ ಆಶ್ರಮದೊಳಕ್ಕೆ ಕಾಲಿಡುವಾಗ ಬಲತೋಳು ಅದುರುತ್ತದೆ. ಐದನೆಯ ಅಂಕದಲ್ಲಿ, ಅರಮನೆಗೆ ಬಂದ ಶಕುಂತಲೆಗೆ ಬಲಗಣ್ಣು ಅದುರುತ್ತದೆ. ಗಂಡಿಗೆ ಬಲ ಶುಭ, ಹೆಣ್ಣಿಗೆ ಅಶುಭ. ಇದನ್ನು ಮಾಗಡಿ ಸೀಮೆಯ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮ್ಯಾಕ್‌ಬೆತ್‌ನ ಮೈ ಒಳಗಿದ್ದದ್ದನ್ನು ಹೊರಹಾಕಿತು. ಶಕುಂತಲೆಯ ಕಣ್ಣು ಮುಂದೆ ಬರುವುದನ್ನು ಹೇಳಿತು, ಅವಳಿಗಿಂತ ಮೊದಲೇ. 1789ರಲ್ಲಿ ವಿಲಿಯಂ ಜೋನ್ಸ್ ಈ ನಾಟಕವನ್ನು ಇಂಗ್ಲಿಷಿನಲ್ಲಿ ಅಚ್ಚು ಮಾಡಿಸಿದಾಗ, ಲಂಡನ್ನಿನ ಓದುಗರಿಗೆ ಬಲ–ಎಡದ ಈ ಶಾಸ್ತ್ರ ಎಲ್ಲಿ ಗೊತ್ತಿರಬೇಕು?

ಈ ತೊಡಕು ಇವತ್ತಿಗೂ ಇದೆ. ಇಂಗ್ಲಿಷಿನಲ್ಲಿ ಕಥೆ ಬರೆಯುವ ನಮ್ಮ ಹುಡುಗ ಹುಡುಗಿಯರು ಕಣ್ಣು ‘ಥ್ರಾಬ್’ ಆಯಿತು ಅಂದರೆ ನೋವು ಅನ್ನಿಸುತ್ತದೆ. ‘ಟ್ವಿಚ್’ ಅಂದರೆ ನಿದ್ದೆಗೆಟ್ಟವರ ಕಣ್ಣು. ಅಡಿಟಿಪ್ಪಣಿ ಹಾಕಿದರೆ ಕಥೆ ಅಲ್ಲೇ ನಿಂತಿತು. ನನ್ನ ಕೇಳಿದರೆ ‘ಟ್ವಿಚ್’ ಅಂತಲೇ ಬರೆಯಿರಿ, ಬ್ಯಾಂಕೊನನ್ನು ಕರೆದು ಪಕ್ಕದಲ್ಲಿ ಕೂರಿಸಿ. ಅವರೆಕಾಯಿ ಸುಲಿಯುತ್ತಿರುವ ಅತ್ತೆ ತಲೆಯೆತ್ತಿ ಕೇಳಲಿ: “ಯಾವ ಕಣ್ಣೇ?”