ಅಂಗೈಯಗಲದ ಹಿತ್ತಾಳೆ
(ಸುವರ್ಣ ಮಹೋತ್ಸವದಲ್ಲಿ ಮಾಜಿ ಸೈನಿಕರ ಸನ್ಮಾನದ ವೇಳೆ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಇವತ್ತು ನಮ್ಮ ಶಾಲೆಯಲ್ಲಿ ಕಲಿತು ಸೇನೆಗೆ ಹೋದ 11 ಜನರ ಕೈಗೆ ಒಂದೊಂದು ಹಿತ್ತಾಳೆಯ ಸ್ಮರಣ ನಾಣ್ಯ ಬಂದಿದೆ. ಅದನ್ನು ಮಾಡಿದವನು ನೀನೇ, ನಾಲ್ಕು ಮಾತು ಹೇಳು ಎಂದು ಗುರುಗಳು ಅಪ್ಪಣೆ ಮಾಡಿದ್ದಾರೆ.

ಶಾಲು, ಹಾರ, ಹಣ್ಣಿನ ಬುಟ್ಟಿ ಬಿಟ್ಟು ನಾಣ್ಯವೇ ಏಕೆ ಎಂದು ಹಲವರು ಕೇಳಿದರು. ಅಮೆರಿಕದ ಸಹೋದ್ಯೋಗಿಯೊಬ್ಬರ ಮೇಜಿನ ಮೇಲೆ ಇಂಥದೊಂದು ನಾಣ್ಯ ನೋಡಿದ್ದೆ. ಅಲ್ಲಿ ಸೈನ್ಯದ ಘಟಕಗಳು ತಮ್ಮ ಲಾಂಛನದ ನಾಣ್ಯ ಮಾಡಿಸುತ್ತವೆ. ಮೇಲಧಿಕಾರಿ ಕೈಕುಲುಕುವಾಗಲೇ ಅದನ್ನು ಸೈನಿಕನ ಅಂಗೈಗೆ ದಾಟಿಸಿಬಿಡುವುದುಂಟು. ಚಾಲೆಂಜ್ ಕಾಯಿನ್ ಎನ್ನುತ್ತಾರೆ. ಹಾರ ಸಂಜೆಗೆ ಬಾಡುತ್ತದೆ, ಇದು ಜೇಬಿನಲ್ಲಿ ಉಳಿಯುತ್ತದೆ ಅನಿಸಿತು.

ಮಾಡುವ ವಿಧಾನ ನಾನು ಬಿ.ಇ. ಓದುವಾಗ ಕಲಿತದ್ದೇ. ಸರ್ಕ್ಯೂಟ್ ಬೋರ್ಡಿನ ತಾಮ್ರವನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಕರಗಿಸುತ್ತಿದ್ದೆವು. ಹಿತ್ತಾಳೆಯನ್ನೂ ಅದು ತಿನ್ನುತ್ತದೆ. 3 ಮಿ.ಮೀ. ದಪ್ಪದ ಹಿತ್ತಾಳೆಯನ್ನು ಲೇತ್ ಅಂಗಡಿಯಲ್ಲಿ 40 ಮಿ.ಮೀ. ಅಗಲದ ಬಿಲ್ಲೆಗಳಾಗಿ ಕತ್ತರಿಸಿಕೊಂಡೆ. ಚಿತ್ರವನ್ನು ಲೇಸರ್ ಪ್ರಿಂಟರಿನಲ್ಲಿ ನುಣುಪು ಕಾಗದದ ಮೇಲೆ ಮುದ್ರಿಸಿ, ಬಿಲ್ಲೆಗೆ ಒತ್ತಿ, ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟರೆ ಕಪ್ಪು ಬಣ್ಣ ಲೋಹಕ್ಕೆ ಅಂಟುತ್ತದೆ. ಬಣ್ಣ ಇದ್ದಲ್ಲಿ ಲೋಹ ಉಳಿಯುತ್ತದೆ, ಇಲ್ಲದಲ್ಲಿ ಕರಗಿ ತಗ್ಗಾಗುತ್ತದೆ. ಅಂಚಿಗೂ ಬೆನ್ನಿಗೂ ಉಗುರುಬಣ್ಣ ಬಳಿದು, ಮುಖ ಕೆಳಗೆ ಮಾಡಿ ದ್ರಾವಣದಲ್ಲಿ ತೂಗುಬಿಡಬೇಕು. ಒಂದು ಮುಖಕ್ಕೆ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಆಮೇಲೆ ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದು, ಉಜ್ಜಿ, ಹೊಳಪು ಕೊಡಬೇಕು. ಮಕ್ಕಳೇ, ಕೈಗವಸು, ಕನ್ನಡಕ ಇಲ್ಲದೆ ಇದನ್ನು ಮಾಡಬಾರದು. ಬಳಸಿದ ದ್ರಾವಣದಲ್ಲಿ ತಾಮ್ರ ಇರುತ್ತದೆ, ಚರಂಡಿಗೆ ಚೆಲ್ಲಲೇಬಾರದು.

ಮೊದಲನೆಯದು ಕೆಟ್ಟಿತು. ಅಚ್ಚಿಗೆ ಅಕ್ಷರ ಉಲ್ಟಾ ಇರಬೇಕೆಂಬುದನ್ನೇ ಮರೆತಿದ್ದೆ. ಬಂಕಾಪುರ ಎಂಬುದನ್ನು ಕನ್ನಡಿಯಲ್ಲಿ ನೋಡಿ ಓದಬೇಕಾಯಿತು! ಎರಡನೆಯದರಲ್ಲಿ ಒತ್ತಕ್ಷರಗಳೆಲ್ಲ ಕರಗಿಹೋದವು. ಅಕ್ಷರ ದಪ್ಪ ಮಾಡಿದ ಮೇಲೆ ಮೂರನೆಯದು ನಿಂತಿತು. ಒಂದು ಮುಖಕ್ಕೆ ನಮ್ಮ ಕೋಟೆಯ ನವಿಲು ಇಟ್ಟೆ. ರೂಪಾಯಿಯ ಬೆಲೆಯನ್ನಾಗಲಿ, ನಾಲ್ಕು ಸಿಂಹಗಳ ರಾಷ್ಟ್ರಲಾಂಛನವನ್ನಾಗಲಿ ಹಾಕಿಲ್ಲ. ಅವು ಸರಕಾರಕ್ಕೆ ಸೇರಿದವು. ಇದು ಉಡುಗೊರೆ ಅಷ್ಟೇ.

ಇನ್ನೊಂದು ಮುಖಕ್ಕೆ ಏನು ಬರೆಯುವುದು ಎಂಬಲ್ಲಿ ನಾನು ನಿಜವಾಗಿ ಎಡವಿದೆ.

ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದಾರೆ. ಇಲ್ಲೇ ಕುಳಿತಿದ್ದಾರೆ, ಹೆಸರು ಹೇಳಬೇಡ ಎಂದಿದ್ದಾರೆ. ನಾನು ಹೈಸ್ಕೂಲಿನಲ್ಲಿದ್ದಾಗ ನಿವೃತ್ತಿಯಾಗಿ ಬಂದರು. ಅವರು ನೆಟ್ಟಗೆ ನಡೆಯುವುದನ್ನು ಅಣಕಿಸಿ ನಾವು ಹುಡುಗರು ನಗುತ್ತಿದ್ದೆವು. ದೊಡ್ಡವರು ಅವರನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಕ್ಯಾಂಟೀನ್ ಬಾಟ್ಲಿ ಅದಾವೇನ್ರಿ?" ಇಷ್ಟು ವರ್ಷಗಳಲ್ಲಿ ಅವರು ಅಲ್ಲಿ ಏನು ಮಾಡಿದರು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

1999ರಲ್ಲಿ ಅವರು ಕಾರ್ಗಿಲ್ ಕಡೆ ಇದ್ದರೆಂದು ಗೊತ್ತಿತ್ತು. ಕೇಳದೆಯೇ "ಕಾರ್ಗಿಲ್ ವೀರ" ಎಂದು ದಪ್ಪಕ್ಷರದಲ್ಲಿ ಬರೆದು, ಮಾಡಿ, ಮನೆಗೆ ಒಯ್ದು ತೋರಿಸಿದೆ. ಕಾಕಾ ಕನ್ನಡಕ ಹಾಕಿಕೊಂಡು ಓದಿ, ನನ್ನ ಕೈಯಲ್ಲೇ ವಾಪಸ್ ಇಟ್ಟರು.

"ಇದು ನಂದಲ್ಲೋ ತಮ್ಮಾ. ನಾ ಗುಂಡು ಹಾರಿಸಿದಾವ ಅಲ್ಲ, ಗಾಡಿ ಹೊಡದಾವ. ಗುಡ್ಡ ಹತ್ತಿ ಸತ್ತವರು ಬ್ಯಾರೆ ಅದಾರ. ಅವರ ಮಾತು ನನ್ನ ಹೆಸರಿಗೆ ಹಚ್ಚಬ್ಯಾಡ."

ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. "ಹಂಗಾರ ನೀವ ಹೇಳ್ರಿ ಕಾಕಾ" ಎಂದು ಕಟ್ಟೆಯ ಮೇಲೆ ಕುಳಿತೆ. ಅವತ್ತು ಎರಡು ತಾಸು ಮಾತಾಡಿದರು. ಜೋಜಿ ಲಾ ಘಾಟಿ ದಾಟಿ, ಶೆಲ್ ಬೀಳುವ ಹೆದ್ದಾರಿಯಲ್ಲಿ, ರಾತ್ರಿ ಹೆಡ್‌ಲೈಟ್ ಹಚ್ಚದೆ ಲಾರಿ ಓಡಿಸಿದ್ದು. ಮೇಲೆ ಹೋಗುವಾಗ ಹಿಟ್ಟು, ಸೀಮೆಎಣ್ಣೆ, ಮದ್ದುಗುಂಡು. "ಕೆಳಗ ಬರೂ ಮುಂದ..." ಎಂದವರು ಅಲ್ಲಿಗೇ ನಿಲ್ಲಿಸಿದರು. ನಾನೂ ಮುಂದೆ ಕೇಳಲಿಲ್ಲ. ಒಳಗಿದ್ದ ಕಾಕಿ ಬಾಗಿಲಿಗೆ ಬಂದು ನಿಂತು, "ಇದನ್ನ ನನಗೂ ಹೇಳಿಲ್ಲಲ್ಲ" ಎಂದರು.

ಅವರ ನಾಣ್ಯವನ್ನು ಮತ್ತೆ ಮಾಡಿದೆ. ಈಗ ಅದರ ಮೇಲೆ ಹೆಸರಿನ ಕೆಳಗೆ ಇಷ್ಟೇ ಇದೆ: "ಲಾರಿ ಚಾಲಕ, ಜೋಜಿ ಲಾ ದಾರಿ, 1999." ಕಾಕಾ ಅದನ್ನು ಓದಿ, ಮಾತಾಡದೆ ಅಂಗಿಯ ಜೇಬಿಗೆ ಹಾಕಿಕೊಂಡರು. ಅಲ್ಲಿಂದ ಮುಂದೆ ಉಳಿದ ಹತ್ತೂ ಮನೆಗೆ ಹೋಗಿ, ಕುಳಿತು, ಕೇಳಿ, ಆಮೇಲೆ ಅಚ್ಚು ಮಾಡಿದೆ. ಒಬ್ಬರು ಅಡುಗೆಯವರು, ಒಬ್ಬರು ವೈರ್‌ಲೆಸ್ ನೋಡಿಕೊಂಡವರು. ಯಾವುದರ ಮೇಲೂ "ವೀರ" ಎಂದು ನಾನು ಬರೆದಿಲ್ಲ. ಅವರು ಮಾಡಿದ ಕೆಲಸ ಬರೆದಿದ್ದೇನೆ.

ಇದು ನಾನು ಕಂಡುಹಿಡಿದ ರೀತಿಯೇನಲ್ಲ. ನಮ್ಮೂರಿಗೆ ಹೆಸರು ಬಂದದ್ದೇ ಒಬ್ಬ ದಂಡನಾಯಕನಿಂದ, ಅಮೋಘವರ್ಷ ನೃಪತುಂಗನ ಬಂಕೆಯನಿಂದ. ಅವನ ಸೇವೆಯನ್ನು ಮೆಚ್ಚಿ, ಅವನು ಕಟ್ಟಿಸಿದ ಬಸದಿಗೆ 860ರಲ್ಲಿ ಅರಸ ದತ್ತಿ ಕೊಟ್ಟದ್ದನ್ನು ಕೊಣ್ಣೂರಿನ ಶಾಸನ ಹೇಳುತ್ತದೆ. ಬರೀ ಶೂರ ಎಂದು ಹೊಗಳಿ ಬಿಡುವುದಿಲ್ಲ. ಗಂಗವಾಡಿಯ ಮೇಲೆ ಹೋದದ್ದು, ಕಾವೇರಿ ದಾಟಿದ್ದು, ಹೀಗೆ ಮಾಡಿದ ಕೆಲಸವನ್ನು ಹೇಳುತ್ತದೆ. ನಮ್ಮ ಸೀಮೆಯ ವೀರಗಲ್ಲುಗಳೂ ಹಾಗೇ. ಕೆಳಗಿನ ಪಟ್ಟಿಕೆಯಲ್ಲಿ ಮೊದಲು ಅವನು ಕಾದಿದ್ದನ್ನು ಕೆತ್ತಿ, ಆಮೇಲೆ ಮೇಲಕ್ಕೆ ಸ್ವರ್ಗಕ್ಕೆ ಒಯ್ಯುತ್ತಾರೆ. ಇವತ್ತಿಗೂ ಸೇನೆ ಕೊಡುವ ಪದಕದ ಅಂಚಿನಲ್ಲಿ ಪಡೆದವನ ಸಂಖ್ಯೆ, ದರ್ಜೆ, ಹೆಸರು ಕೊರೆದಿರುತ್ತದೆ.

ಆದರೆ ವೀರಗಲ್ಲು ಸತ್ತವರಿಗೆ. ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಮರೆಯಲಾದೀತೇ? ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಜೀವ ಹಿಡಿದಿದ್ದು 2016ರ ಫೆಬ್ರುವರಿ 11ರಂದು ಅವರು ತೀರಿಕೊಂಡಾಗ ಇಡೀ ನಾಡು ಅತ್ತಿತು. ಅದು ಆಗಲೇಬೇಕಾದದ್ದು. ಬದುಕಿ ಬಂದವರು ಮಾತ್ರ ಪಿಂಚಣಿ, ಹೊಲ, ಬ್ಯಾಂಕಿನ ಕಾವಲು ಕೆಲಸ ಎಂದು ನಮ್ಮ ನಡುವೆಯೇ ಸದ್ದಿಲ್ಲದೆ ಇರುತ್ತಾರೆ. ಅವರ ಸರದಿ ಬರುವುದು ಯಾವಾಗ?

ಕೊನೆಗೆ ಈಗ ಇಲ್ಲಿ ಕಲಿಯುತ್ತಿರುವ ಮಕ್ಕಳಿಗೆ ಒಂದು ಮಾತು. ನನ್ನ ಅಚ್ಚಿನ ಕಡತವನ್ನೂ ಉಳಿದ ಬಿಲ್ಲೆಗಳನ್ನೂ ವಿಜ್ಞಾನದ ಗುರುಗಳಿಗೆ ಒಪ್ಪಿಸಿದ್ದೇನೆ. ನಿಮ್ಮ ಓಣಿಯಲ್ಲಿ ಇನ್ನೂ ಯಾರಾದರೂ ಇದ್ದರೆ ಮುಂದಿನದನ್ನು ನೀವು ಮಾಡಿ. ಆದರೆ ದ್ರಾವಣ ಕಲಸುವ ಮೊದಲು ಅವರ ಮನೆಗೆ ಹೋಗಿ ಕಟ್ಟೆಯ ಮೇಲೆ ಕುಳಿತು ಕೇಳಿ. ನಾನು ಇಪ್ಪತ್ತು ವರ್ಷ ತಡ ಮಾಡಿದೆ. ನೀವು ಮಾಡಬೇಡಿ.

ಕಾಕಾ, ಅಣಕಿಸಿ ನಕ್ಕಿದ್ದಕ್ಕೆ ಇವತ್ತು ಎಲ್ಲರೆದುರು ಕ್ಷಮೆ ಕೇಳುತ್ತೇನೆ.