ಐಕಾನ್ ಒತ್ತಿದರೂ ಅದೇ ಉತ್ತರ ಬರಲಿ
(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕಾಗುಣಿತ ಪರೀಕ್ಷಿಸಲು ಹನ್‌ಸ್ಪೆಲ್ ಎಂಬ ಉಚಿತ ತಂತ್ರಾಂಶವಿದೆ. ಹಂಗೇರಿಯನ್ ಭಾಷೆಗಾಗಿ ಹುಟ್ಟಿದ ಇದಕ್ಕೆ ಕನ್ನಡದ ನಿಘಂಟೂ ಇದೆ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್‌ಗಳೊಳಗೆ ಇದೇ ಕೆಲಸ ಮಾಡುತ್ತದೆ. ಟರ್ಮಿನಲ್‌ನಲ್ಲಿ ಆಜ್ಞೆ ಕೊಟ್ಟೂ ನಡೆಸಬಹುದು.

ಇದನ್ನು ಎಡಿಟರ್‌ಗೆ ಜೋಡಿಸಲು ನಾನೊಂದು ಪ್ಲಗಿನ್, ಅಂದರೆ ಸಣ್ಣ ಜೋಡಣೆ, ಬರೆದೆ. ಟರ್ಮಿನಲ್‌ನಿಂದ ಎಡಿಟರ್ ತೆರೆದಾಗ ತಪ್ಪುಗಳನ್ನೆಲ್ಲ ತೋರಿಸಿತು. ಐಕಾನ್ ಒತ್ತಿ ತೆರೆದ ವಿದ್ಯಾರ್ಥಿಯೊಬ್ಬನಿಗೆ ಒಂದನ್ನೂ ತೋರಿಸಲಿಲ್ಲ. ಅವನು ನಂಬಿ, ವಿದ್ಯಾರ್ಥಿವೇತನದ ಅರ್ಜಿಯನ್ನು ಹಾಗೆಯೇ ಕಳುಹಿಸಿದ. ಅದರಲ್ಲಿ ಏಳು ತಪ್ಪುಗಳಿದ್ದವು.

ಕಾರಣ ಸರಳ. ನಿಘಂಟು ಇರುವ ಜಾಗವನ್ನು ನಾನು ಬ್ಯಾಶ್‌ಆರ್‌ಸಿ ಕಡತದಲ್ಲಿ ಬರೆದಿದ್ದೆ. ಟರ್ಮಿನಲ್ ಅದನ್ನು ಓದುತ್ತದೆ. ಐಕಾನ್‌ನಿಂದ ತೆರೆದ ತಂತ್ರಾಂಶಕ್ಕೆ ಸಾಮಾನ್ಯವಾಗಿ ಅದು ತಿಳಿಯುವುದಿಲ್ಲ. ನಿಘಂಟು ಸಿಗದೆ ಹನ್‌ಸ್ಪೆಲ್ ನಿಂತಿತು. ಆ ಮೌನವನ್ನು ನನ್ನ ಪ್ಲಗಿನ್ 'ತಪ್ಪಿಲ್ಲ' ಎಂದು ತಿಳಿಯಿತು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ತೂಕದ ಯಂತ್ರ ಸೊನ್ನೆ ತೋರಿಸಿದರೆ ಗೂಡಿಗೆ ತೂಕವಿಲ್ಲ ಎನ್ನುತ್ತೇವೆಯೇ? ಯಂತ್ರವನ್ನು ನೋಡುತ್ತೇವೆ.

ಆದ್ದರಿಂದ ಮೂರು ಮಾತು. ಒಂದು, ನಿಘಂಟಿನ ಪೂರ್ಣ ವಿಳಾಸವನ್ನೂ ಪಠ್ಯ ಯುಟಿಎಫ್-8ರಲ್ಲಿದೆ ಎಂಬುದನ್ನೂ ಪ್ಲಗಿನ್ ತಾನೇ ತಿಳಿಸಲಿ. ಎರಡು, ಆಜ್ಞೆ ಸೊನ್ನೆಯಲ್ಲದ ಸಂಕೇತದೊಂದಿಗೆ ಮುಗಿದರೆ 'ಪರೀಕ್ಷೆ ನಡೆಯಲಿಲ್ಲ' ಎಂದು ಸ್ಪಷ್ಟವಾಗಿ ಹೇಳಲಿ. ಮೂರು, ಬೇಕೆಂದೇ ತಪ್ಪು ಬರೆದ ಪುಟವೊಂದನ್ನು ಎರಡೂ ದಾರಿಯಲ್ಲಿ ತೆರೆದು ನೋಡಿ. ಉತ್ತರ ಒಂದೇ ಬರಬೇಕು.

ಆ ಹುಡುಗ ನನ್ನನ್ನು ದೂರಲಿಲ್ಲ. ತನ್ನ ಕನ್ನಡವೇ ಸರಿಯಿಲ್ಲವೆಂದು ತಲೆ ತಗ್ಗಿಸಿದ. ಅರ್ಜಿಯಲ್ಲಿದ್ದ ತಪ್ಪುಗಳು ಅವನವು. ಅವನ್ನು ಮುಚ್ಚಿಟ್ಟ ತಪ್ಪು ನನ್ನದು. ನಾಳೆ ನೀವು ಬರೆಯುವ ತಂತ್ರಾಂಶದಿಂದ ಯಾರೂ ಹೀಗೆ ತಲೆ ತಗ್ಗಿಸುವಂತಾಗದಿರಲಿ.