ಹೊಸ ಮಾತ್ರೆ: ತೂಗಿ ನೋಡುವವರು ಯಾರು?

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತುಗಳ ಬರಹರೂಪ)



ಹೋದ ತಿಂಗಳು ಡೊಂಬಿವಲಿಯಿಂದ ಒಬ್ಬ ಅಜ್ಜಿ ಫೋನ್ ಮಾಡಿದ್ದರು. ಮಾಡಿದ್ದು ಹಾಡು ಕೇಳುವುದಕ್ಕೇ. ಆದರೆ ಹಾಡಿನ ಹೆಸರಿಗಿಂತ ಮೊದಲು ಮೊಣಕಾಲಿನ ಮಾತು ಬಂತು. “ತಂಗಿ, ಡಾಕ್ಟರು ಹೊಸಾ ಗುಳಿಗಿ ಬರದಾರ. ಹಳೇದಕ್ಕಿಂತ ಭಾಳ ಚಲೋ ಅಂತ. ತಗೋಬಹುದೇನವಾ?” ನಾನು ಓದಿದ್ದು ಬಿ.ಎ. ಕನ್ನಡ. ಹಳಗನ್ನಡದ ಪದವೊಂದರ ಅರ್ಥ ಕೇಳಿದ್ದರೆ ಹೇಳುತ್ತಿದ್ದೆ. ಗುಳಿಗೆಯ ಗುಣ ಹೇಳುವ ವಿದ್ಯೆ ನನ್ನಲ್ಲಿಲ್ಲ. ಆದರೆ ಮಾತಿನ ನಡುವೆ ಗೊತ್ತಾಯಿತು, ಅಜ್ಜಿಯ ಹೃದಯಕ್ಕೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಅದನ್ನು ಮೊಣಕಾಲಿನ ಡಾಕ್ಟರಿಗೆ ಹೇಳಿರಲೇ ಇಲ್ಲ. “ಕಾಲಿಗೂ ಎದಿಗೂ ಏನ್ ಸಂಬಂಧ?” ಎಂದರು.

ಸಂಬಂಧ ಇದೆ, ಕೇಳುಗರೇ. ಅದನ್ನು ಜಗತ್ತಿಗೆ ತಿಳಿಸಿಕೊಟ್ಟ ಒಂದು ಮಾತ್ರೆಯ ಕಥೆ ಹೇಳುತ್ತೇನೆ.

1999ರಲ್ಲಿ ಅಮೆರಿಕದ ಮರ್ಕ್ ಕಂಪನಿ ರೋಫೆಕಾಕ್ಸಿಬ್ ಎಂಬ ನೋವಿನ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ವಯಾಕ್ಸ್ ಎಂಬುದು ಅದರ ವ್ಯಾಪಾರಿ ಹೆಸರು. ಹಳೆಯ ನೋವಿನ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಇದು ಅಷ್ಟು ಮಾಡುವುದಿಲ್ಲ ಎಂಬುದು ಅದರ ಹೆಗ್ಗಳಿಕೆ. ಆ ಮಾತು ಸುಳ್ಳಲ್ಲ. 2000ದಲ್ಲಿ, 8 ಸಾವಿರಕ್ಕೂ ಹೆಚ್ಚು ಸಂಧಿವಾತ ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಹೊಟ್ಟೆಯ ತೊಂದರೆ ಕಡಿಮೆಯಾಗಿತ್ತು. ಆದರೆ ಹೋಲಿಕೆಗೆಂದು ಕೊಟ್ಟ ಹಳೆಯ ಮಾತ್ರೆ ತಿಂದವರಲ್ಲಿ ಸಾವಿರಕ್ಕೆ ಒಬ್ಬರಿಗೆ ಹೃದಯಾಘಾತವಾಗಿದ್ದರೆ, ಹೊಸದು ತಿಂದವರಲ್ಲಿ ಸಾವಿರಕ್ಕೆ ನಾಲ್ವರಿಗೆ ಆಗಿತ್ತು. ಕಂಪನಿ ಏನೆಂದಿತು ಗೊತ್ತೇ? ಹೊಸದರಿಂದ ಕೇಡಾಗಿಲ್ಲ, ಹಳೆಯದೇ ಹೃದಯವನ್ನು ಕಾಪಾಡಿದೆ ಎಂದಿತು! ಹೆತ್ತವರಿಗೆ ಹೆಗ್ಗಣ ಮುದ್ದು. ಮೂರು ಹೃದಯಾಘಾತಗಳು ಆ ಲೇಖನದ ಲೆಕ್ಕದಲ್ಲಿ ಸೇರಿರಲಿಲ್ಲ ಎಂದು ಅದನ್ನು ಅಚ್ಚು ಮಾಡಿದ ಪತ್ರಿಕೆಯ ಸಂಪಾದಕರೇ 2005ರ ಡಿಸೆಂಬರ್‌ನಲ್ಲಿ ಬಹಿರಂಗವಾಗಿ ಬರೆದರು.

ಅಷ್ಟರಲ್ಲಿ ಕಾಲ ಮಿಂಚಿತ್ತು. ಔಷಧವಿಲ್ಲದ ಹುಸಿಮಾತ್ರೆಯೊಂದಿಗೆ ಹೋಲಿಸಿ ನೋಡಿದ ಇನ್ನೊಂದು ಪ್ರಯೋಗದಲ್ಲಿಯೂ ಅಪಾಯ ಕಂಡುಬಂದ ಮೇಲೆ, 2004ರ ಸೆಪ್ಟೆಂಬರ್ 30ರಂದು ಕಂಪನಿ ಆ ಮಾತ್ರೆಯನ್ನು ಲೋಕದಾದ್ಯಂತ ಹಿಂತೆಗೆದುಕೊಂಡಿತು. ಆ ವೇಳೆಗೆ ಕೋಟ್ಯಂತರ ಜನ ಅದನ್ನು ನುಂಗಿಯಾಗಿತ್ತು. ಇಲ್ಲಿಯೂ ಮಾರಾಟವಾಗುತ್ತಿದ್ದ ಅದನ್ನು ಭಾರತ ಸರಕಾರ 2004ರ ಡಿಸೆಂಬರ್‌ನಲ್ಲಿ ನಿಷೇಧಿಸಿತು.

ಈ ಕಥೆಯ ಮುಖ್ಯ ಭಾಗ ಇನ್ನೂ ಇದೆ. ಅದೇ ವರ್ಷದ ಕೊನೆಗೆ ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಲ್ಲಿ ಚದುರಿದ್ದ ಪ್ರಯೋಗಗಳ ಅಂಕಿಗಳನ್ನು ಕೂಡಿಸಿ ನೋಡಿದರು. ಅಪಾಯ 2000ದ ಕೊನೆಗೇ ಸ್ಪಷ್ಟವಾಗಿತ್ತು, ಮಾತ್ರೆಯನ್ನು ವರ್ಷಗಳ ಹಿಂದೆಯೇ ನಿಲ್ಲಿಸಬೇಕಿತ್ತು ಎಂಬುದು ಅವರ ತೀರ್ಮಾನ. ಅಂದರೆ ಅಂಕಿಗಳಿದ್ದವು, ಲಾಭನಷ್ಟದ ಹಂಗಿಲ್ಲದೆ ಹೊತ್ತಿಗೆ ಸರಿಯಾಗಿ ಕೂಡಿಸಿ ನೋಡುವವರು ಇರಲಿಲ್ಲ.

ಸರಕಾರ ಒಪ್ಪಿಗೆ ಕೊಟ್ಟಿರುತ್ತದಲ್ಲ ಎಂದು ನೀವು ಕೇಳಬಹುದು. ಒಪ್ಪಿಗೆಗೆ ಮುಂಚಿನ ಪ್ರಯೋಗಗಳು ಸಾಮಾನ್ಯವಾಗಿ ಕೆಲವು ಸಾವಿರ ಜನರ ಮೇಲೆ ನಡೆಯುತ್ತವೆ. ಹತ್ತು ಸಾವಿರಕ್ಕೆ ಒಬ್ಬರಿಗೆ ಆಗುವ ತೊಂದರೆ ಮೂರು ಸಾವಿರ ಜನರಲ್ಲಿ ಕಾಣಿಸದೇ ಹೋಗಬಹುದು. ತೀರಾ ವಯಸ್ಸಾದವರು, ಬಸುರಿಯರು, ನಾಲ್ಕಾರು ಕಾಯಿಲೆ ಇರುವವರು ಎಷ್ಟೋ ಬಾರಿ ಪ್ರಯೋಗದಿಂದ ಹೊರಗೇ ಉಳಿಯುತ್ತಾರೆ. ಮನೆಯಲ್ಲಿ ಮಾತ್ರೆ ನುಂಗುವವರು ಯಾರು? ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು ಮೂರೂ ಇರುವ ನಮ್ಮ ಅತ್ತೆ, ಮಾವ, ಅಮ್ಮ.

ಅದಕ್ಕೇ ಹಂಗಿಲ್ಲದ ತಕ್ಕಡಿ ಬೇಕು. ಫ್ರಾನ್ಸಿನಲ್ಲಿ 1981ರಿಂದ ‘ಪ್ರೆಸ್ಕ್ರೀರ್’ ಎಂಬ ಪತ್ರಿಕೆ ಬರುತ್ತಿದೆ. ಔಷಧ ಕಂಪನಿಗಳ ಒಂದು ಜಾಹೀರಾತೂ ಅದರಲ್ಲಿಲ್ಲ. ನಡೆಯುವುದು ಚಂದಾದಾರರ ಹಣದಿಂದ. ಹೊಸ ಔಷಧ ಬಂದಾಗ ಅದು ಕೇಳುವುದು ನೇರವಾದ ಪ್ರಶ್ನೆಗಳನ್ನು: ಹಳೆಯದಕ್ಕಿಂತ ಇದು ಹೆಚ್ಚೇನು ಮಾಡುತ್ತದೆ? ಅದರಿಂದಾಗುವ ಕೇಡೆಷ್ಟು? ಬಳಸದಿರುವುದೇ ಲೇಸು ಎನ್ನುವ ಔಷಧಗಳ ಪಟ್ಟಿಯನ್ನೂ ಪ್ರತಿವರ್ಷ ಪ್ರಕಟಿಸುತ್ತದೆ. ನಮ್ಮಲ್ಲೂ ಇಂಥ ದನಿಗಳುಂಟು. ಧಾರವಾಡದ ಡಾ. ಗೋಪಾಲ ದಾಬಡೆ ಅವರು ಡ್ರಗ್ ಆ್ಯಕ್ಷನ್ ಫೋರಂ ಕರ್ನಾಟಕದ ಮೂಲಕ ಔಷಧಗಳ ವಿವೇಕಯುತ ಬಳಕೆಗಾಗಿ ದುಡಿದವರು. ಇಂಥ ದನಿ ಏಕೆ ಬೇಕೆಂಬುದಕ್ಕೆ 2012ರ ಮೇ ತಿಂಗಳಿನ ಸಂಸದೀಯ ಸ್ಥಾಯಿ ಸಮಿತಿಯ ವರದಿ ನೋಡಬೇಕು. 2008ರ ಜನವರಿಯಿಂದ 2010ರ ಅಕ್ಟೋಬರ್‌ವರೆಗೆ 31 ಹೊಸ ಔಷಧಗಳಿಗೆ ಭಾರತೀಯ ರೋಗಿಗಳ ಮೇಲೆ ಪ್ರಯೋಗ ನಡೆಯದೆಯೇ ಒಪ್ಪಿಗೆ ಸಿಕ್ಕಿತ್ತು ಎನ್ನುತ್ತದೆ ಆ ವರದಿ.

ಇಷ್ಟು ಕೇಳಿ ಹೆದರಿ, ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಅದು ಇನ್ನೂ ಅಪಾಯ. ಹೊಸ ಔಷಧಗಳಿಂದ ಜೀವ ಉಳಿದವರೂ ನಮ್ಮ ನಡುವೆ ಇದ್ದಾರೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಹೊಸ ಮಾತ್ರೆ ಬರೆದಾಗ ಡಾಕ್ಟರನ್ನು ವಿನಯದಿಂದಲೇ ಕೇಳಿ: ಹಳೆಯ ಮಾತ್ರೆ ಸಾಲದೇ? ಇದು ಬಳಕೆಗೆ ಬಂದು ಎಷ್ಟು ವರ್ಷವಾಯಿತು? ನನ್ನ ಉಳಿದ ಕಾಯಿಲೆಗಳಿಗೆ, ಮಾತ್ರೆಗಳಿಗೆ ಇದು ಹೊಂದುತ್ತದೆಯೇ? ಮನೆಯಲ್ಲಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಜೊತೆಗೆ ಒಯ್ಯಿರಿ.

ಮಾತ್ರೆ ತಿಂದ ಮೇಲೆ ಏನಾದರೂ ತೊಂದರೆ ಕಂಡರೆ ಮೊದಲು ಡಾಕ್ಟರಿಗೆ ತಿಳಿಸಿ. ಆಮೇಲೆ ಇನ್ನೊಂದು ಕೆಲಸವಿದೆ. 2010ರಲ್ಲಿ ಆರಂಭವಾದ ಔಷಧ ನಿಗಾ ಕಾರ್ಯಕ್ರಮವನ್ನು ಗಾಜಿಯಾಬಾದಿನ ಭಾರತೀಯ ಔಷಧಸಂಹಿತಾ ಆಯೋಗ ನಡೆಸುತ್ತದೆ. ರೋಗಿಗಳೇ ನೇರವಾಗಿ ದೂರು ಕೊಡಬಹುದು. ಅದರ ಅರ್ಜಿ ನಮೂನೆ ಕನ್ನಡದಲ್ಲಿಯೂ ಇದೆ. ಉಚಿತ ದೂರವಾಣಿ: 1800-180-3024. ಬರೆದಿಟ್ಟುಕೊಳ್ಳಿ. ನಿಮ್ಮ ಒಂದು ದೂರು ಸಣ್ಣದೆನಿಸಬಹುದು. ಅಂಥ ನೂರು ದೂರುಗಳು ಸೇರಿದಾಗಲೇ ಪ್ರಯೋಗದಲ್ಲಿ ಕಾಣದ್ದು ಕಣ್ಣಿಗೆ ಬೀಳುವುದು.

ಅಜ್ಜಿಗೆ ಅಂದು ನಾನು ಹೇಳಿದ್ದು ಇಷ್ಟೇ: “ಸ್ಟೆಂಟಿನ ವಿಷಯ ಮೊದಲು ಡಾಕ್ಟರಿಗೆ ಹೇಳಿಬಿಡಿ, ಅಜ್ಜಿ.” ಮುಂದಿನ ವಾರ ಮತ್ತೆ ಫೋನ್ ಬಂತು. ಹೇಳಿದೊಡನೆ ಡಾಕ್ಟರು ಚೀಟಿಯ ಮೇಲೆ ಗೀಟು ಹಾಕಿ ಬೇರೆ ಮಾತ್ರೆ ಬರೆದರಂತೆ. ಆ ಗುಂಪಿನ ಕೆಲವು ನೋವಿನ ಮಾತ್ರೆಗಳು ಇಂದಿಗೂ ಹೃದ್ರೋಗಿಗಳಿಗೆ ಹೇಳಿಸಿದ್ದಲ್ಲ. “ಕಾಲು ಇನ್ನೂ ನೋಯ್ತದವಾ,” ಎಂದರು ಅಜ್ಜಿ, “ಆದ್ರ ಎದಿ ನಿಶ್ಚಿಂತಿ ಆತು. ಈಗ ಹಾಡು ಹಾಕು.”

ಹಾಕಿದೆವು. ನಿಮ್ಮ ಕೋರಿಕೆಗಳೂ ಬರಲಿ. ಮುಂದಿನ ವಾರ ಮತ್ತೆ ಭೇಟಿಯಾಗೋಣ.